ಎರಡು ತಟ್ಟೆಗಳ ಜಗಳ



ಹೋದ ಪಾಠದಲ್ಲಿ ಬಸ್ಸಿನ ಬೋರ್ಡು ಮತ್ತು ಔಷಧಿ ಚೀಟಿ ಓದುವುದನ್ನು ಕಲಿತೆವು. ಈ ಸಲದ ಪಾಠ ಒಂದು ಕಪ್ಪು ಡಬ್ಬಿಯಿಂದ ಶುರುವಾಗುತ್ತದೆ.

ಪೆನ್ನಾಗರಂ ಕಡೆಯ ನಮ್ಮ ಒಂದು ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ವಯಸ್ಸು ಐವತ್ತರ ಹತ್ತಿರ. ಒಂದು ಸಂಜೆ ಹಳೇ ಸೀರೆಯ ತುಂಡಿನಲ್ಲಿ ಏನನ್ನೋ ಸುತ್ತಿಕೊಂಡು ಬಂದರು. ಬಿಚ್ಚಿದರೆ ಅದು ವಿಡಿಯೋ ಕ್ಯಾಸೆಟ್ಟು. ಅದರ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ 1996 ಎಂದು ಬರೆದಿತ್ತು. ಆ ಅಂಕಿಯನ್ನು ಅಕ್ಕ ತಾವೇ ಓದಿದರು.

“ಮೇಷ್ಟ್ರೇ, ಇದು ನನ್ನ ಮದುವೆ ಕ್ಯಾಸೆಟ್ಟು. ಇದರಲ್ಲಿ ನಮ್ಮಪ್ಪ ಓಡಾಡ್ತಾರೆ, ಮಾತಾಡ್ತಾರೆ. ಅವರು ಹೋಗಿ ಹತ್ತು ವರ್ಷ ಆಯ್ತು. ಫೋಟೋ ಒಂದಿದೆ, ಆದ್ರೆ ಫೋಟೋ ಮಾತಾಡಲ್ಲ ಅಲ್ವಾ? ಈ ಕ್ಯಾಸೆಟ್ಟು ಹಾಕಿ ನೋಡೋಣ ಅಂದ್ರೆ ಊರಲ್ಲಿ ಯಾರ ಹತ್ರಾನೂ ಡೆಕ್ಕು ಇಲ್ಲ. ಕ್ಯಾಸೆಟ್ಟು ಹಾಗೇ ಇದೆ. ಅದನ್ನ ಓಡಿಸೋ ಯಂತ್ರ ಎಲ್ಲಿಗೆ ಹೋಯ್ತು?”

ಒಳ್ಳೆಯ ಪ್ರಶ್ನೆ. ಅಂದು ನಾನು ಅರ್ಧ ಉತ್ತರ ಹೇಳಿದೆ. ಉಳಿದ ಅರ್ಧ ಇಲ್ಲಿದೆ. ಅದಕ್ಕಾಗಿ ಸ್ವಲ್ಪ ದೂರ ಹೋಗಬೇಕು, ಜಪಾನ್ ದೇಶದವರೆಗೆ.

ಮೊದಲ ಜಗಳ

ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆಗ ಊರಿನಲ್ಲಿ ಒಂದೋ ಎರಡೋ ಟಿ.ವಿ. ಇರುತ್ತಿತ್ತು. ಹಬ್ಬ ಬಂದರೆ ಹುಡುಗರು ದುಡ್ಡು ಸೇರಿಸಿ ಪೇಟೆಯಿಂದ ಟಿ.ವಿ. ಮತ್ತು ಡೆಕ್ಕನ್ನು ಒಂದು ರಾತ್ರಿಗೆ ಬಾಡಿಗೆಗೆ ತರುತ್ತಿದ್ದರು. ಬೀದಿಯಲ್ಲಿ ಚಾಪೆ ಹಾಸಿ ಎಲ್ಲರೂ ಕೂರುತ್ತಿದ್ದರು. ನಮ್ಮ ಕಡೆ ಒಂದು ರಾಜ್‌ಕುಮಾರ್ ಸಿನಿಮಾ ಇರಬೇಕು, ಒಂದು ರಜನಿ ಸಿನಿಮಾ ಇರಬೇಕು. ಇಲ್ಲದಿದ್ದರೆ ಅರ್ಧ ಬೀದಿಗೆ ಕೋಪ! ಮೂರನೆಯ ಸಿನಿಮಾ ಮುಗಿಯುವಾಗ ಕೋಳಿ ಕೂಗುತ್ತಿತ್ತು.

ಆ ಕ್ಯಾಸೆಟ್ಟಿನ ಜಾತಿಯ ಹೆಸರು ವಿ.ಎಚ್.ಎಸ್. ಅದನ್ನು ತಂದದ್ದು ಜಪಾನಿನ ಜೆ.ವಿ.ಸಿ. ಕಂಪನಿ, 1976ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು, 1975ರಲ್ಲಿ, ಸೋನಿ ಎಂಬ ಇನ್ನೊಂದು ಜಪಾನ್ ಕಂಪನಿ ಬೇರೆ ಕ್ಯಾಸೆಟ್ಟು ತಂದಿತ್ತು. ಅದರ ಹೆಸರು ಬೀಟಾಮ್ಯಾಕ್ಸ್. ಸೋನಿಯ ಕ್ಯಾಸೆಟ್ಟು ಗಾತ್ರದಲ್ಲಿ ಚಿಕ್ಕದು. ಇದರ ಕ್ಯಾಸೆಟ್ಟು ಅದರ ಯಂತ್ರಕ್ಕೆ ಹಿಡಿಯದು. ಅದರದು ಇದಕ್ಕೆ ಹಿಡಿಯದು.

ಸೋನಿಯ ಮೊದಲ ಕ್ಯಾಸೆಟ್ಟಿನಲ್ಲಿ ಒಂದು ಗಂಟೆ ಮಾತ್ರ ಚಿತ್ರ ಹಿಡಿಯಬಹುದಿತ್ತು. ವಿ.ಎಚ್.ಎಸ್.ನಲ್ಲಿ ಎರಡು ಗಂಟೆ. ಒಂದು ಗಂಟೆಯಲ್ಲಿ ಯಾವ ಸಿನಿಮಾ ಮುಗಿಯುತ್ತದೆ, ನೀವೇ ಹೇಳಿ. ಸೋನಿ ಆಮೇಲೆ ಸಮಯ ಹೆಚ್ಚಿಸಿತು. ಅಷ್ಟರಲ್ಲಿ ಜೆ.ವಿ.ಸಿ. ತನ್ನ ವಿದ್ಯೆಯನ್ನು ಬೇರೆ ಬೇರೆ ಕಂಪನಿಗಳಿಗೂ ಕೊಟ್ಟಿತ್ತು. ಎಲ್ಲರೂ ವಿ.ಎಚ್.ಎಸ್. ಯಂತ್ರವನ್ನೇ ಮಾಡತೊಡಗಿದರು. ಕೊನೆಗೆ 1988ರಲ್ಲಿ ಸೋನಿ ತಾನೂ ವಿ.ಎಚ್.ಎಸ್. ಯಂತ್ರ ಮಾಡಲು ಶುರುಮಾಡಿತು. ಎದುರಾಳಿಯ ಅಂಗಡಿಯ ಸರಕನ್ನು ತನ್ನ ಅಂಗಡಿಯಲ್ಲೇ ಇಟ್ಟು ಮಾರಿದ ಹಾಗೆ.

ಹಾಗಾಗಿ ನಮ್ಮ ಅಕ್ಕನ ಮದುವೆ ವಿ.ಎಚ್.ಎಸ್. ಕ್ಯಾಸೆಟ್ಟಿನಲ್ಲಿದೆ. ಗೆದ್ದ ಕ್ಯಾಸೆಟ್ಟು ಅದು. ಗೆದ್ದದ್ದಕ್ಕೂ ಈ ಗತಿ ಏಕೆ ಬಂತು? ಅದಕ್ಕೂ ಬರುತ್ತೇನೆ.

ಜಗಳವಿಲ್ಲದೆ ನಡೆದ ಕೆಲಸವೂ ಇದೆ. ಸೇಲಂನಲ್ಲಿ ಟಿ.ಆರ್. ಸುಂದರಂ ಅವರು ಕಟ್ಟಿದ ಮಾಡರ್ನ್ ಥಿಯೇಟರ್ಸ್ ಎಂಬ ದೊಡ್ಡ ಸ್ಟುಡಿಯೋ ಇತ್ತು. ಮಲಯಾಳದ ಮೊದಲ ಮಾತಿನ ಚಿತ್ರ ‘ಬಾಲನ್’ 1938ರಲ್ಲಿ ತಯಾರಾದದ್ದು ಅಲ್ಲಿಯೇ. ಆ ಸ್ಟುಡಿಯೋದ ಫಿಲಂ ಸುರುಳಿಯನ್ನು ಕೇರಳಕ್ಕೆ ಒಯ್ದರೂ ಓಡುತ್ತಿತ್ತು, ಬೊಂಬಾಯಿಗೆ ಒಯ್ದರೂ ಓಡುತ್ತಿತ್ತು. ಏಕೆಂದರೆ ಥಿಯೇಟರ್ ಫಿಲಮ್ಮಿನ ಅಗಲ ಎಲ್ಲ ಕಡೆ ಒಂದೇ, 35 ಮಿಲಿಮೀಟರ್. ಅಂದರೆ ಮೂರೂವರೆ ಸೆಂಟಿಮೀಟರ್. ಮಕ್ಕಳ ಸ್ಕೇಲು ಇಸಕೊಂಡು ಅಳೆದು ನೋಡಿ. 1909ರಲ್ಲಿ ಸಿನಿಮಾ ತಯಾರಕರು ಪ್ಯಾರಿಸ್ ನಗರದಲ್ಲಿ ಸೇರಿ ಈ ಅಳತೆಗೆ ಒಪ್ಪಿದ್ದರು. ಒಂದು ಅಳತೆಗೆ ಎಲ್ಲರೂ ಒಪ್ಪಿದ್ದರಿಂದ ನಮ್ಮ ಟೆಂಟ್ ಸಿನಿಮಾದವನೂ ಬದುಕಿದ.

ತಟ್ಟೆ ಬಂತು

ಕ್ಯಾಸೆಟ್ಟಿನ ಒಳಗೆ ಉದ್ದದ ಟೇಪು ಇರುತ್ತದೆ. ಅದು ಸವೆಯುತ್ತದೆ, ಸಿಕ್ಕಿಕೊಳ್ಳುತ್ತದೆ, ಬೂಸ್ಟು ಹಿಡಿಯುತ್ತದೆ. ಆಮೇಲೆ ಬಂದದ್ದು ಹೊಳೆಯುವ ದುಂಡನೆಯ ತಟ್ಟೆ, ಸಿ.ಡಿ. ಅದರ ಅಗಲ 12 ಸೆಂಟಿಮೀಟರ್. ಮೊದಲು ಹಾಡಿಗಾಗಿ 1982ರಲ್ಲಿ ಬಂತು. ಚಿತ್ರ ತೋರಿಸುವ ವಿ.ಸಿ.ಡಿ. 1993ರಲ್ಲಿ ಬಂತು. ವಿ.ಸಿ.ಡಿ.ಯಲ್ಲಿ 74 ನಿಮಿಷದ ಚಿತ್ರ ಹಿಡಿಯುತ್ತದೆ. ಅದಕ್ಕೇ ಒಂದು ಸಿನಿಮಾಕ್ಕೆ ಎರಡು ಅಥವಾ ಮೂರು ತಟ್ಟೆ ಬೇಕಾಗುತ್ತಿತ್ತು. ನಾಯಕನನ್ನು ಕಟ್ಟಿಹಾಕಿದ ಹೊತ್ತಿಗೆ ಸರಿಯಾಗಿ ಒಬ್ಬರು ಎದ್ದು ತಟ್ಟೆ ಬದಲಿಸಬೇಕು!

ಅದಾದ ಮೇಲೆ ಡಿ.ವಿ.ಡಿ. ಅಲ್ಲೂ ಎರಡು ಗುಂಪು ಇದ್ದವು. ಒಂದರಲ್ಲಿ ಸೋನಿ ಮತ್ತು ಫಿಲಿಪ್ಸ್. ಇನ್ನೊಂದರಲ್ಲಿ ತೋಷಿಬಾ ಮತ್ತು ಅದರ ಜೊತೆಯವರು. ಎರಡೂ ಬೇರೆ ಬೇರೆ ತಟ್ಟೆ ತರಲು ಹೊರಟಿದ್ದವು. ಕಂಪ್ಯೂಟರ್ ಕಂಪನಿಯವರು ನಡುವೆ ಬಂದು, ನೀವು ಒಂದಾಗಿ ಬಂದರೆ ಮಾತ್ರ ನಾವು ತಗೊಳ್ತೀವಿ, ಇಲ್ಲಾಂದ್ರೆ ಎರಡೂ ಬೇಡ ಎಂದರು. 1995ರಲ್ಲಿ ಇಬ್ಬರೂ ಒಪ್ಪಿದರು. 1996ರಲ್ಲಿ ಜಪಾನಿನಲ್ಲಿ ಡಿ.ವಿ.ಡಿ. ಮಾರಾಟಕ್ಕೆ ಬಂತು.

ಆ ಒಪ್ಪಂದದ ಫಲ ನಮ್ಮ ಊರಿಗೂ ಬಂತು. ಯಾವ ಕಂಪನಿಯ ಪ್ಲೇಯರ್ ಆದರೂ ಸರಿ, ಯಾವ ಕಂಪನಿಯ ತಟ್ಟೆ ಆದರೂ ಸರಿ, ಓಡುತ್ತದೆ. ಹಳೆಯ ವಿ.ಸಿ.ಡಿ.ಯೂ ಅದೇ ಯಂತ್ರದಲ್ಲಿ ಓಡುತ್ತದೆ. ತಯಾರಕರು ಹೆಚ್ಚಿದರು, ಬೆಲೆ ಇಳಿಯಿತು.

ನಮ್ಮ ತಮಿಳುನಾಡಿನಲ್ಲಿ ಇನ್ನೊಂದು ಸಂಗತಿ ಕೂಡಿಬಂತು. 2006ರ ಸೆಪ್ಟೆಂಬರ್ 15ರಂದು ಕರುಣಾನಿಧಿಯವರ ಸರ್ಕಾರ ಉಚಿತ ಬಣ್ಣದ ಟಿ.ವಿ. ಯೋಜನೆ ಶುರುಮಾಡಿತು. 14 ಅಂಗುಲದ ಟಿ.ವಿ. 2011ರವರೆಗೆ ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ಬಂತು. ನಾನಾಗ ಹೈಸ್ಕೂಲಿನಲ್ಲಿದ್ದೆ. ಟಿ.ವಿ. ಬಂದ ಮನೆಗೆ ಸ್ವಲ್ಪ ದಿನದಲ್ಲೇ ಡಿ.ವಿ.ಡಿ. ಪ್ಲೇಯರ್ ಕೂಡ ಬರುತ್ತಿತ್ತು. ಹಳದಿ, ಬಿಳಿ, ಕೆಂಪು ವೈರು ಎಲ್ಲಿಗೆ ಚುಚ್ಚಬೇಕು ಎಂದು ಗೊತ್ತಿದ್ದ ಹುಡುಗನಿಗೆ ಬೀದಿಯಲ್ಲಿ ಬಹಳ ಗೌರವ.

ಆ ಕಾಲದಲ್ಲಿ ‘ತಿರುಟ್ಟು ವಿ.ಸಿ.ಡಿ.’ ಎಂಬ ಕಳ್ಳ ತಟ್ಟೆ ಎಲ್ಲೆಲ್ಲೂ ಇತ್ತು. 2004ರಲ್ಲಿ ತಮಿಳುನಾಡು ಸರ್ಕಾರ ಅಂಥ ತಟ್ಟೆ ಮಾಡುವವರನ್ನು ಗೂಂಡಾ ಕಾಯ್ದೆಯ ಕೆಳಗೆ ತಂದಿತು. 2007ರಲ್ಲಿ ಮೋಸರ್ ಬೇರ್ ಎಂಬ ನಮ್ಮ ದೇಶದ ಕಂಪನಿ ಅಸಲಿ ವಿ.ಸಿ.ಡಿ.ಯನ್ನು 28 ರೂಪಾಯಿಗೆ, ಡಿ.ವಿ.ಡಿ.ಯನ್ನು 34 ರೂಪಾಯಿಗೆ ಮಾರತೊಡಗಿತು. ಎರಡಕ್ಕೂ ವ್ಯತ್ಯಾಸ ಆರೇ ರೂಪಾಯಿ. ಲೆಕ್ಕ ಹಾಕಿ ನೋಡಿ.

ಎರಡನೆಯ ಜಗಳ

ಈಗ ನಮ್ಮ ಪಾಠದ ಮುಖ್ಯ ಜಗಳಕ್ಕೆ ಬನ್ನಿ. ಇದೂ ಅದೇ ವರ್ಷಗಳಲ್ಲಿ ನಡೆದದ್ದು. ನಾವು ಇಲ್ಲಿ 14 ಅಂಗುಲದ ಟಿ.ವಿ.ಗೆ ವೈರು ಚುಚ್ಚುತ್ತಿದ್ದಾಗ ಜಪಾನು, ಅಮೆರಿಕಗಳಲ್ಲಿ ಗೋಡೆ ಅಗಲದ ಹೊಸ ಟಿ.ವಿ.ಗಳು ಬಂದಿದ್ದವು. ಅವನ್ನು ಎಚ್.ಡಿ. ಟಿ.ವಿ. ಎನ್ನುತ್ತಾರೆ. ಅಂದರೆ ಬಹಳ ಸ್ಪಷ್ಟವಾದ ಚಿತ್ರ ತೋರಿಸುವ ಟಿ.ವಿ.

ಸ್ಪಷ್ಟ ಅಂದರೆ ಏನು? ಸೇಲಂನ ನೇಕಾರ ಅಣ್ಣಂದಿರಿಗೆ ಇದು ಬೇಗ ತಿಳಿಯುತ್ತದೆ. ಒಂದು ಅಂಗುಲ ಬಟ್ಟೆಯಲ್ಲಿ ಎಳೆ ಕಡಿಮೆ ಇದ್ದರೆ ಬಟ್ಟೆ ಒರಟು. ಎಳೆ ಹೆಚ್ಚಿದ್ದರೆ ನಯ. ಸೀರೆಯ ಅಂಚಿನಲ್ಲಿ ಸಣ್ಣ ಹೂವು ಎತ್ತಬೇಕಾದರೆ ಎಳೆ ಹೆಚ್ಚು ಬೇಕು. ಟಿ.ವಿ. ಚಿತ್ರವೂ ಹಾಗೆಯೇ ಗೆರೆಗೆರೆಯಾಗಿ ನೇಯ್ದದ್ದು. ವಿ.ಸಿ.ಡಿ.ಯಲ್ಲಿ 288 ಗೆರೆ. ಡಿ.ವಿ.ಡಿ.ಯಲ್ಲಿ 576. ಎಚ್.ಡಿ. ಚಿತ್ರದಲ್ಲಿ 1080.

ಗೆರೆ ಹೆಚ್ಚಾದರೆ ತಟ್ಟೆಯಲ್ಲಿ ಜಾಗವೂ ಹೆಚ್ಚು ಬೇಕು. ಡಿ.ವಿ.ಡಿ.ಯ ಜಾಗ ಸಾಲದು. ತಟ್ಟೆಯನ್ನು ಮೊರದಷ್ಟು ದೊಡ್ಡದು ಮಾಡೋಣ ಎಂದರೆ ಯಾರು ಕೊಳ್ಳುತ್ತಾರೆ? ಅದೇ 12 ಸೆಂಟಿಮೀಟರ್ ತಟ್ಟೆಯಲ್ಲಿ ಹೆಚ್ಚು ತುಂಬಬೇಕು.

ಇದು ಹೇಗೆ ಸಾಧ್ಯ? ತಟ್ಟೆಯ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳು ಸಾಲುಸಾಲಾಗಿವೆ, ಉತ್ತ ಹೊಲದ ಸಾಲಿನ ಹಾಗೆ. ಯಂತ್ರ ಒಂದು ಬೆಳಕಿನ ಮೊನೆಯಿಂದ ಆ ಗುಳಿಗಳನ್ನು ತಡವಿ ಓದುತ್ತದೆ. ಆ ಬೆಳಕಿಗೆ ಲೇಸರ್ ಎಂದು ಹೆಸರು. ಡಿ.ವಿ.ಡಿ. ಓದುವುದು ಕೆಂಪು ಲೇಸರ್. ಕೆಂಪು ಬೆಳಕಿನ ಮೊನೆ ದಪ್ಪ, ಗೋಣಿಚೀಲ ಹೊಲಿಯುವ ದಬ್ಬಳದ ಹಾಗೆ. ನೀಲಿ ಬೆಳಕಿನ ಮೊನೆ ಸಣ್ಣದು, ರವಿಕೆ ಹೊಲಿಯುವ ಸೂಜಿಯ ಹಾಗೆ. ಸೂಜಿ ಸಣ್ಣದಾದರೆ ಹೊಲಿಗೆಯನ್ನು ಒತ್ತಾಗಿ ಹಾಕಬಹುದು. ಹಾಗೆ ನೀಲಿ ಲೇಸರ್ ಬಂದ ಮೇಲೆ ಗುಳಿಗಳನ್ನು ಸಣ್ಣದು ಮಾಡಿದರು, ಸಾಲುಗಳನ್ನು ಹತ್ತಿರ ತಂದರು. ಆದರೆ ನೀಲಿ ಬೆಳಕು ಕೊಡುವ ಪುಟ್ಟ ದೀಪ ಮಾಡುವುದು ಬಹಳ ಕಷ್ಟವಾಗಿತ್ತು. ಅದನ್ನು ಸಾಧಿಸಿದ ಜಪಾನ್ ಮೂಲದ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಬಹುಮಾನ ಬಂತು.

ನೀಲಿ ಬೆಳಕು ಬೇಕು ಎನ್ನುವುದರಲ್ಲಿ ಎರಡೂ ಗುಂಪಿಗೆ ಒಂದೇ ಮಾತು. ಜಗಳ ಬಂದದ್ದು ತಟ್ಟೆಯ ರಚನೆಯಲ್ಲಿ.

ತೋಷಿಬಾ ಗುಂಪಿನ ತಟ್ಟೆಯ ಹೆಸರು ಎಚ್.ಡಿ. ಡಿ.ವಿ.ಡಿ. ಅದರಲ್ಲಿ ಗುಳಿಗಳು ತಟ್ಟೆಯ ದಪ್ಪದ ನಟ್ಟನಡುವೆ ಇರುತ್ತವೆ. ಹಳೆಯ ಡಿ.ವಿ.ಡಿ.ಯಲ್ಲೂ ಹಾಗೆಯೇ. ಆದ್ದರಿಂದ ಹಳೆಯ ಕಾರ್ಖಾನೆಯಲ್ಲೇ ಸ್ವಲ್ಪ ಬದಲಾವಣೆ ಮಾಡಿ ಹೊಸ ತಟ್ಟೆ ಒತ್ತಬಹುದು, ಖರ್ಚು ಕಡಿಮೆ. ಸೋನಿ ಗುಂಪಿನ ತಟ್ಟೆ ಬ್ಲೂ-ರೇ. ‘ಬ್ಲೂ’ ಅಂದರೆ ನೀಲಿ, ‘ರೇ’ ಅಂದರೆ ಬೆಳಕಿನ ಕಿರಣ. ಇದರಲ್ಲಿ ಗುಳಿಗಳು ತಟ್ಟೆಯ ಮೇಲ್ಮೈಗೆ ಬಹಳ ಹತ್ತಿರ, ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಕೆಳಗೆ. ಹತ್ತಿರ ಇದ್ದರೆ ಮೊನೆಯನ್ನು ಇನ್ನೂ ಚೂಪು ಮಾಡಬಹುದು, ಇನ್ನೂ ಹೆಚ್ಚು ತುಂಬಬಹುದು. ಆದರೆ ಗೀರು ಬಿದ್ದರೆ ಅಪಾಯ. ಅದಕ್ಕೆ ಗಟ್ಟಿ ಲೇಪ ಬಳಿಯಬೇಕು, ಹೊಸ ಕಾರ್ಖಾನೆ ಹಾಕಬೇಕು, ಖರ್ಚು ಹೆಚ್ಚು.

ಯಾವುದರಲ್ಲಿ ಎಷ್ಟು ಹಿಡಿಯುತ್ತದೆ? ನಿಮ್ಮ ಮೊಬೈಲ್ ರೀಚಾರ್ಜಿನಲ್ಲಿ ‘ಜಿ.ಬಿ.’ ಎಂಬ ಅಳತೆ ನೋಡಿರುತ್ತೀರಿ. ಅದೇ ಅಳತೆಯಲ್ಲಿ ಡಿ.ವಿ.ಡಿ. 4.7 ಜಿ.ಬಿ. ಹಿಡಿಯುತ್ತದೆ. ಎಚ್.ಡಿ. ಡಿ.ವಿ.ಡಿ.ಯ ಒಂದು ಪದರ 15. ಬ್ಲೂ-ರೇಯ ಒಂದು ಪದರ 25. ಒಂದು ಸಿ.ಡಿ.ಯನ್ನು ಒಂದು ಸೇರು ಎಂದುಕೊಳ್ಳಿ. ಆಗ ಡಿ.ವಿ.ಡಿ. ಹೆಚ್ಚುಕಡಿಮೆ 7 ಸೇರು, ಎಚ್.ಡಿ. ಡಿ.ವಿ.ಡಿ. 21 ಸೇರು, ಬ್ಲೂ-ರೇ 35 ಸೇರು. ದಿನಕ್ಕೆ ಒಂದೂವರೆ ಜಿ.ಬಿ. ರೀಚಾರ್ಜು ಹಾಕಿಸಿದವರಿಗೆ 25 ಜಿ.ಬಿ. ಎಷ್ಟು ದಿನಕ್ಕೆ ಬರುತ್ತದೆ? 16 ದಿನ ದಾಟುತ್ತದೆ.

2005ರಲ್ಲಿ ಎರಡೂ ಗುಂಪು ಮಾತಿಗೆ ಕೂತವು. ಹತ್ತು ವರ್ಷದ ಹಿಂದೆ ಆದಂತೆ ಈ ಸಲವೂ ಒಂದಾಗೋಣ ಎಂದು. ಆಗಲಿಲ್ಲ. ನನ್ನ ರಚನೆಯೇ ಇರಲಿ ಎಂದು ಇಬ್ಬರ ಹಟ. ಯಾರ ವಿದ್ಯೆ ಗೆಲ್ಲುತ್ತದೋ ಅವರಿಗೆ ಪ್ರತಿ ತಟ್ಟೆಯಿಂದ, ಪ್ರತಿ ಯಂತ್ರದಿಂದ ದುಡ್ಡು ಬರುತ್ತದೆ. ಹಟದ ಬೇರು ಅಲ್ಲಿದೆ.

2006ರ ಏಪ್ರಿಲ್‌ನಲ್ಲಿ ಅಮೆರಿಕದ ಅಂಗಡಿಗೆ ತೋಷಿಬಾ ಯಂತ್ರ ಬಂತು. ಬೆಲೆ 499 ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 22 ಸಾವಿರ ರೂಪಾಯಿ. ಜೂನ್‌ನಲ್ಲಿ ಬ್ಲೂ-ರೇಯ ಮೊದಲ ಯಂತ್ರ ಬಂತು. ಅದನ್ನು ಮಾಡಿದ್ದು ಸ್ಯಾಮ್‌ಸಂಗ್. ಬೆಲೆ 999 ಡಾಲರ್, ಅಂದರೆ ಸುಮಾರು 45 ಸಾವಿರ. ಬೆಲೆ ನೋಡಿದರೆ ತೋಷಿಬಾ ಗೆಲ್ಲಬೇಕಿತ್ತು ಅಲ್ವಾ?

ಗೆಲ್ಲಲಿಲ್ಲ. ಏಕೆಂದರೆ ಜನ ಕೊಳ್ಳುವುದು ಸಿನಿಮಾ ನೋಡಲಿಕ್ಕೆ. ಸಿನಿಮಾ ಯಾವ ತಟ್ಟೆಯಲ್ಲಿ ಬರುತ್ತದೋ ಯಂತ್ರವೂ ಅದೇ ಬೇಕು. ಬೀಟಾಮ್ಯಾಕ್ಸ್ ಸೋತಾಗ ಸೋನಿ ಇದನ್ನು ಚೆನ್ನಾಗಿ ಕಲಿತಿತ್ತು. 1989ರಲ್ಲಿ ಅದು ಅಮೆರಿಕದ ಕೊಲಂಬಿಯಾ ಎಂಬ ಸಿನಿಮಾ ಕಂಪನಿಯನ್ನೇ ಕೊಂಡಿತ್ತು. ಕೊಲಂಬಿಯಾ ಸಿನಿಮಾಗಳು ಬ್ಲೂ-ರೇಯಲ್ಲಿ ಮಾತ್ರ. ಡಿಸ್ನಿ ಮತ್ತು ಫಾಕ್ಸ್ ಕಂಪನಿಗಳೂ ಆ ಕಡೆ. ಯೂನಿವರ್ಸಲ್ ಈ ಕಡೆ. ಪ್ಯಾರಮೌಂಟ್ ಮೊದಲು ಎರಡೂ ಕಡೆ ಇದ್ದು, 2007ರ ಆಗಸ್ಟಿನಲ್ಲಿ ತೋಷಿಬಾ ಕಡೆ ಬಂತು. ವಾರ್ನರ್ ಮಾತ್ರ ಎರಡು ದೋಣಿಯಲ್ಲಿ ಕಾಲಿಟ್ಟು ನಿಂತಿತ್ತು. ಸೋನಿ ಇನ್ನೊಂದು ಜಾಣತನ ಮಾಡಿತು. 2006ರ ನವೆಂಬರಿನಲ್ಲಿ ಮಾರಾಟಕ್ಕೆ ಬಿಟ್ಟ ತನ್ನ ಆಟದ ಯಂತ್ರದ ಒಳಗೇ ಬ್ಲೂ-ರೇ ಓದುವ ಭಾಗ ಇಟ್ಟಿತು. ಮಕ್ಕಳು ಆಟಕ್ಕೆಂದು ಕೊಂಡರು, ಮನೆಗೆ ಬ್ಲೂ-ರೇಯೂ ಬಂತು.

ಕೊಳ್ಳುವವರ ಪಾಡೇನು? ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಹಾಗೆ. ಒಂದು ಯಂತ್ರ ಕೊಂಡರೆ ಅರ್ಧ ಸಿನಿಮಾ ಸಿಗುವುದಿಲ್ಲ. ಎರಡೂ ಓದುವ ಯಂತ್ರವನ್ನು ಎಲ್.ಜಿ. ಕಂಪನಿ 2007ರಲ್ಲಿ ತಂದಿತು. ಅದರ ಬೆಲೆ ಸುಮಾರು 1,200 ಡಾಲರ್! ಬಹಳ ಜನ ಯಾವುದನ್ನೂ ಕೊಳ್ಳದೆ ಕಾದರು. ನನ್ನನ್ನು ಕೇಳಿದರೆ ಅವರೇ ಜಾಣರು.

2007ರ ನವೆಂಬರಿನಲ್ಲಿ ಅಮೆರಿಕದ ವಾಲ್‌ಮಾರ್ಟ್ ಅಂಗಡಿಯಲ್ಲಿ ತೋಷಿಬಾ ಯಂತ್ರದ ಬೆಲೆ 100 ಡಾಲರಿಗೂ ಕೆಳಗೆ ಇಳಿಯಿತು. ಜನ ಮುಗಿಬಿದ್ದು ಕೊಂಡರು. ಅಗ್ಗಕ್ಕೆ ಸಿಕ್ಕಿತು ಎಂಬ ಸಂತೋಷ.

2008ರ ಜನವರಿ 4ರಂದು ವಾರ್ನರ್ ತನ್ನ ತೀರ್ಮಾನ ಹೇಳಿತು. ಇನ್ನು ಮುಂದೆ ನಾವು ಬ್ಲೂ-ರೇ ಮಾತ್ರ. ಆಮೇಲೆ ಎಲ್ಲ ಬೇಗ ಮುಗಿಯಿತು. ಫೆಬ್ರವರಿ 15ರಂದು ವಾಲ್‌ಮಾರ್ಟ್ ಕೂಡ ಬ್ಲೂ-ರೇ ಮಾತ್ರ ಮಾರುತ್ತೇವೆ ಎಂದಿತು. ಫೆಬ್ರವರಿ 19ರಂದು ತೋಷಿಬಾ ಎಚ್.ಡಿ. ಡಿ.ವಿ.ಡಿ. ತಯಾರಿಕೆಯನ್ನೇ ನಿಲ್ಲಿಸುವುದಾಗಿ ಹೇಳಿತು. ವಾರ್ನರ್ ಮಾತಿಗೂ ತೋಷಿಬಾ ಮಾತಿಗೂ ನಡುವೆ 46 ದಿನ.

ನವೆಂಬರಿನಲ್ಲಿ ಅಗ್ಗಕ್ಕೆ ಕೊಂಡವರ ಯಂತ್ರ ಕೆಟ್ಟಿರಲಿಲ್ಲ. ಚೆನ್ನಾಗಿಯೇ ಓಡುತ್ತಿತ್ತು. ಆದರೆ ಅದಕ್ಕೆ ಹೊಸ ಸಿನಿಮಾ ಬರುವುದು ನಿಂತುಹೋಯಿತು. ಬೆಸ್ಟ್ ಬೈ ಎಂಬ ಅಂಗಡಿ ತನ್ನಲ್ಲಿ ಕೊಂಡವರಿಗೆ 50 ಡಾಲರಿನ ಕೂಪನ್ ಕೊಟ್ಟು ಸಮಾಧಾನ ಮಾಡಿತು. ಇನ್ನು ತೋಷಿಬಾ? 2009ರಲ್ಲಿ ಅದೂ ಬ್ಲೂ-ರೇ ಯಂತ್ರ ಮಾಡತೊಡಗಿತು. 1988ರಲ್ಲಿ ಸೋನಿಗೆ ಆದದ್ದು ನೆನಪಿದೆಯಾ?

ನಮ್ಮ ಬೀದಿಗೆ ಬರಲಿಲ್ಲ

ಈ ಜಗಳ ನಮ್ಮ ಹಳ್ಳಿಗಳನ್ನು ಮುಟ್ಟಲಿಲ್ಲ. ಕಾರಣ ಸುಲಭ. ನಮ್ಮ ಮನೆಯ 14 ಅಂಗುಲದ ಟಿ.ವಿ. 576 ಗೆರೆಗಿಂತ ಹೆಚ್ಚು ತೋರಿಸದು. ಅದಕ್ಕೆ 1080 ಗೆರೆಯ ತಟ್ಟೆ ಹಾಕಿದರೆ, ಚಿಕ್ಕ ಬಾಯಿಯ ಚೊಂಬಿಗೆ ಕೊಳಗದಲ್ಲಿ ನೀರು ಸುರಿದ ಹಾಗೆ. ಹೊರಗೆ ಹೋಗುವುದೇ ಹೆಚ್ಚು. 34 ರೂಪಾಯಿ ತಟ್ಟೆ ನಮಗೆ ಸಾಕಾಗಿತ್ತು. ಅದರಲ್ಲಿ ನಾವು ಏನನ್ನೂ ಕಳೆದುಕೊಳ್ಳಲಿಲ್ಲ.

ಗೆದ್ದ ಬ್ಲೂ-ರೇ ಕೂಡ ಹೆಚ್ಚು ಕಾಲ ಮೆರೆಯಲಿಲ್ಲ. ತಟ್ಟೆಯೇ ಬೇಡ ಎನ್ನುವ ಕಾಲ ಬಂತು. ಸಿನಿಮಾ ಇಂಟರ್‌ನೆಟ್ಟಿನಲ್ಲಿ ನೇರ ಮೊಬೈಲಿಗೆ ಬರತೊಡಗಿತು. ನಮ್ಮಲ್ಲಿ 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಡೇಟಾ ಬೆಲೆ ಇಳಿದು, ಆಡು ಕಾಯುವ ಹುಡುಗನ ಕೈಯಲ್ಲೂ ಸಿನಿಮಾ ಬಂತು. ಮೋಸರ್ ಬೇರ್ ಕಂಪನಿ 2018ರಲ್ಲಿ ಮುಚ್ಚುವ ಸ್ಥಿತಿಗೆ ಹೋಯಿತು. ಸೋನಿ ತನ್ನ ಖಾಲಿ ಬ್ಲೂ-ರೇ ತಟ್ಟೆಗಳ ತಯಾರಿಕೆಯನ್ನು 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಗೆದ್ದವರೂ ಸೋತವರೂ ಒಂದೇ ಅಟ್ಟದ ಮೇಲೆ ಕೂತಿದ್ದಾರೆ.

ಹಾಗೆಂದು ಇಂಥ ಜಗಳ ನಿಂತಿಲ್ಲ. ಮೊಬೈಲ್ ಚಾರ್ಜರ್ ನೆನಪಿಸಿಕೊಳ್ಳಿ. ನೋಕಿಯಾ ಒಂದರಲ್ಲೇ ದಪ್ಪ ಪಿನ್ನು, ಸಣ್ಣ ಪಿನ್ನು ಎಂದು ಎರಡಿತ್ತು. ನೆಂಟರ ಮನೆಗೆ ಹೋದರೆ ಮೊದಲು ಕೇಳುತ್ತಿದ್ದದ್ದು, “ಸಣ್ಣ ಪಿನ್ನು ಇದೆಯಾ?” ಯುರೋಪಿನ ದೇಶಗಳು ಸೇರಿ ಒಂದು ಕಾನೂನು ಮಾಡಿದವು. 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರುವ ಹೊಸ ಮೊಬೈಲುಗಳಿಗೆಲ್ಲ ಒಂದೇ ಬಗೆಯ ಪಿನ್ನು, ಸಿ ಪಿನ್ನು. ತನ್ನದೇ ಪಿನ್ನು ಇಟ್ಟುಕೊಂಡಿದ್ದ ಆಪಲ್ ಕಂಪನಿಯೂ 2023ರಲ್ಲಿ ಸಿ ಪಿನ್ನಿಗೆ ಬಂತು.

ಅಕ್ಕನ ಕ್ಯಾಸೆಟ್ಟು

ಈಗ ಅಕ್ಕನ ಪ್ರಶ್ನೆಗೆ ಬರೋಣ. ಡೆಕ್ಕು ಎಲ್ಲಿಗೆ ಹೋಯಿತು? ಜನ ತಟ್ಟೆಗೆ ಹೋದರು. ಡೆಕ್ಕು ಕೊಳ್ಳುವವರು ಕಡಿಮೆಯಾದರು. ಬಿಡಿಭಾಗ ಸಿಗದಾಯಿತು. ವಿ.ಎಚ್.ಎಸ್. ಯಂತ್ರ ಮಾಡುತ್ತಿದ್ದ ಕೊನೆಯ ಕಂಪನಿ ಜಪಾನಿನ ಫುನಾಯ್. ಅದು 2016ರ ಜುಲೈಯಲ್ಲಿ ತಯಾರಿಕೆ ನಿಲ್ಲಿಸಿತು. ಈಗ ಲೋಕದಲ್ಲಿ ಇರುವುದೆಲ್ಲ ಹಳೆಯ ಡೆಕ್ಕುಗಳೇ. ಒಂದೊಂದಾಗಿ ಅವೂ ಕೆಡುತ್ತಿವೆ.

ನಾನೂ ಅಕ್ಕನ ಮಗಳೂ ಕ್ಯಾಸೆಟ್ಟು ಹಿಡಿದು ಧರ್ಮಪುರಿಗೆ ಹೋದೆವು. ಎರಡು ಕಡೆ ಇಲ್ಲ ಎಂದರು. ಮೂರನೆಯ ಫೋಟೋ ಸ್ಟುಡಿಯೋದಲ್ಲಿ ಓಡುವ ಡೆಕ್ಕು ಇತ್ತು. ಸ್ಟುಡಿಯೋ ಅಣ್ಣ ಕ್ಯಾಸೆಟ್ಟಿನ ಮುಚ್ಚಳ ಎತ್ತಿ ತೋರಿಸಿದರು. ಟೇಪಿನ ಅಂಚಿನಲ್ಲಿ ಬಿಳಿ ಬೂಸ್ಟು. “ಇದನ್ನ ಹಾಗೇ ಹಾಕಿದ್ರೆ ನನ್ನ ಡೆಕ್ಕೂ ಹೋಗುತ್ತೆ, ನಿಮ್ಮ ಟೇಪೂ ಹರಿಯುತ್ತೆ” ಎಂದರು. ಒಂದು ವಾರ ಇಟ್ಟುಕೊಂಡು ಒರೆಸಿ, ಆಮೇಲೆ ಓಡಿಸಿದರು. ಮೂರು ಗಂಟೆಯ ಕ್ಯಾಸೆಟ್ಟನ್ನು ನಕಲು ಮಾಡಲು ಮೂರು ಗಂಟೆಯೇ ಬೇಕು. ಇದರಲ್ಲಿ ಅಡ್ಡದಾರಿ ಇಲ್ಲ.

ಶುರುವಿನ ಇಪ್ಪತ್ತು ನಿಮಿಷ ಬರೀ ಬಿಳಿ ಗೆರೆ. ಮುಹೂರ್ತ ಕಾಣಲಿಲ್ಲ. ತಾಳಿ ಕಟ್ಟಿದ್ದು ಕಾಣಲಿಲ್ಲ. ಆಮೇಲೆ ಊಟದ ಪಂಕ್ತಿ ಬಂತು. ಅಕ್ಕನ ಅಪ್ಪ ಹೆಗಲ ಮೇಲೆ ಟವಲು ಹಾಕಿ ಬಕೀಟು ಹಿಡಿದು ಸಾರು ಬಡಿಸುತ್ತಿದ್ದರು. ಕ್ಯಾಮೆರಾ ಕಡೆ ತಿರುಗಿ, “ಮೊದ್ಲು ಊಟ ಮಾಡಪ್ಪಾ, ಆಮೇಲೆ ಹಿಡೀವಂತೆ” ಎಂದರು. ಅಕ್ಕನಿಗೆ ಅದನ್ನು ಮಗಳ ಮೊಬೈಲಿನಲ್ಲಿ ತೋರಿಸಿದೆವು. ಮೂರು ಸಲ ನೋಡಿದರು. ಅಂದು ಪಾಠ ನಡೆಯಲಿಲ್ಲ.

ನಿಮ್ಮ ಮನೆಯಲ್ಲಿ ಮದುವೆ, ನಾಮಕರಣ, ಜಾತ್ರೆಯ ಕ್ಯಾಸೆಟ್ಟು ಇದ್ದರೆ ಈ ವರ್ಷವೇ ಕೆಳಗೆ ಇಳಿಸಿ. ಬೂಸ್ಟು ಕಂಡರೆ ಯಾವ ಯಂತ್ರಕ್ಕೂ ನೀವಾಗಿ ಹಾಕಬೇಡಿ. ಸ್ಟುಡಿಯೋದವರಿಗೆ, ಪೆನ್ ಡ್ರೈವಿಗೆ ಹಾಕಿಕೊಡಿ, ಮೊಬೈಲಿನಲ್ಲಿ ಓಡುವ ಹಾಗೆ ಇರಲಿ ಎಂದು ಹೇಳಿ. ತಟ್ಟೆಗೆ ಮಾತ್ರ ಹಾಕಿಸಿದರೆ ನಾಳೆ ಮತ್ತೆ ಇದೇ ಕತೆ. ಪೆನ್ ಡ್ರೈವಿನಿಂದ ಮಗನ ಮೊಬೈಲಿಗೆ ಒಂದು, ಮಗಳ ಮೊಬೈಲಿಗೆ ಒಂದು ನಕಲು ಮಾಡಿಸಿ. ಒಂದು ಕಳೆದರೆ ಇನ್ನೊಂದು ಇರುತ್ತದೆ.

ಕ್ಯಾಸೆಟ್ಟನ್ನು ವಾಪಸ್ ಕೇಳಿ ಪಡೆಯಿರಿ. ನನ್ನ ದೊಡ್ಡಮ್ಮನ ಮನೆಯವರು ಒಂದು ಅಂಗಡಿಗೆ ಎರಡು ಕ್ಯಾಸೆಟ್ಟು ಕೊಟ್ಟಿದ್ದರು. ಬಂದದ್ದು ಒಂದು ಸಿ.ಡಿ. ಅದರಲ್ಲಿ ಬೇರೆ ಯಾರದೋ ಮದುವೆ! ಹೋಗಿ ಕೇಳಿದರೆ ಕ್ಯಾಸೆಟ್ಟು ಸಿಗಲಿಲ್ಲ. ಕೈಯಲ್ಲಿ ಚೀಟಿ ಇರಲಿಲ್ಲ.

ಮನೆಯಲ್ಲಿ ತಟ್ಟೆ ಇದ್ದರೆ ಅಂಚು ಹಿಡಿದು ಎತ್ತಿ. ಹೊಳೆಯುವ ಕಡೆ ಬೆರಳು ಬೇಡ. ಒರೆಸುವಾಗ ರಾಗಿ ಬೀಸಿದ ಹಾಗೆ ಸುತ್ತ ಒರೆಸಬೇಡಿ. ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರ ಒರೆಸಿ. ಬಿಸಿಲಿಗೆ ಇಡಬೇಡಿ. ಮನೆಯಲ್ಲಿ ಬರೆಸಿದ ತಟ್ಟೆ ಬಿಸಿಲಿಗೆ ಬೇಗ ಕೆಡುತ್ತದೆ. ತಟ್ಟೆಯ ಮೇಲೆ ಬಾಲ್ ಪೆನ್ನಿನಿಂದ ಒತ್ತಿ ಬರೆಯಬೇಡಿ, ಕವರಿನ ಮೇಲೆ ಬರೆಯಿರಿ.

ಓದಿ, ಬರೆಯಿರಿ

ಕೆಳಗಿನದು ಒಂದು ಸ್ಟುಡಿಯೋದಲ್ಲಿ ಕೇಳಿ ಪಡೆಯಬೇಕಾದ ಚೀಟಿಯ ಮಾದರಿ. ಜೋರಾಗಿ ಓದಿ.

‘ವಿ.ಎಚ್.ಎಸ್. ಕ್ಯಾಸೆಟ್ಟು 2 ಬಂದಿದೆ. ಪೆನ್ ಡ್ರೈವಿಗೆ ನಕಲು ಮಾಡಬೇಕು. ಕ್ಯಾಸೆಟ್ಟು 2 ವಾಪಸ್ ಕೊಡಬೇಕು. ಒಟ್ಟು ಹಣ: ........ ಮುಂಗಡ: ........ ಬಾಕಿ: ........ ಕೊಡುವ ದಿನ: ........ ಸಹಿ: ........’

ಒಟ್ಟು ಹಣ 600, ಮುಂಗಡ 250 ಎಂದಾದರೆ ಬಾಕಿ ಎಷ್ಟು? ಚುಕ್ಕಿಯ ಜಾಗದಲ್ಲಿ ಬರೆಯಿರಿ. ಸಹಿಯ ಜಾಗದಲ್ಲಿ ನಿಮ್ಮ ಹೆಸರನ್ನು ಪೂರ್ತಿಯಾಗಿ ಬರೆಯಿರಿ. ಆಮೇಲೆ ಮನೆಗೆ ಹೋಗಿ ಅಟ್ಟ, ಟ್ರಂಕು, ಬೀರು ನೋಡಿ. ಕ್ಯಾಸೆಟ್ಟು ಅಥವಾ ತಟ್ಟೆ ಸಿಕ್ಕಿದರೆ ಅದರ ಮೇಲೆ ಬರೆದಿರುವ ಅಂಕಿ ಮತ್ತು ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮುಂದಿನ ತರಗತಿಗೆ ತನ್ನಿ. ಓದಲು ಬಾರದ ಇಂಗ್ಲಿಷ್ ಅಕ್ಷರ ಇದ್ದರೆ ಕಂಡ ಹಾಗೆ ಬರೆದು ತನ್ನಿ. ಒಟ್ಟಿಗೆ ಕೂತು ಓದೋಣ.